ಮೂರನೇ ನುಡಿ

ಮಾಳಮ್ಮನ ಹಾಡು ಟಿವಿಯಲ್ಲಿ ಬಂದು ಹದಿನೇಳನೇ ದಿನಕ್ಕೆ ಅವಳ ಮಗ ಕ್ರಾಂತಿಕುಮಾರನಿಗೆ ನೋಟಿಸು ಬಂತು.

ಟಿವಿಯಲ್ಲಿ ಹಾಡಿದ್ದು ಮಗಳು ಪ್ರಿಯಾ. ಹರಪನಹಳ್ಳಿಯಿಂದ ಹೋಗಿ, ದೊಡ್ಡ ಚಾನೆಲ್ಲಿನ ಹಾಡಿನ ಸ್ಪರ್ಧೆಯಲ್ಲಿ ಕೊನೆಯ ಎಂಟು ಜನರೊಳಗೆ ಗಟ್ಟಿಯಾಗಿ ನಿಂತವಳು. ಹಾಡು ಕಟ್ಟಿದವಳು ಮಾತ್ರ ಮಾಳಮ್ಮನೇ. ಮಾರ್ಕೆಟ್ ಯಾರ್ಡಿನಲ್ಲಿ ಮೆಕ್ಕೆಜೋಳ ಜರಡಿ ಹಿಡಿಯುತ್ತಾ, ಆ ಸದ್ದಿಗೇ ಕೂಡಿಸಿಕೊಂಡು ಕಟ್ಟಿದ್ದು:

ಕಣದಾಗ ಚೆಲ್ಲಿದ ಕಾಳಾಗಿದ್ದೆ,
ಆರಿಸಿಕೊಂಡ್ಯೋ ಯೇಸಯ್ಯಾ.

ಇಪ್ಪತ್ತೆಂಟು ವರ್ಷ ಈ ಹಾಡು ಯಾರ ನಿದ್ದೆಯನ್ನೂ ಕೆಡಿಸಿರಲಿಲ್ಲ. ಪ್ರಾರ್ಥನಾ ಕೂಟದ ಮೂವತ್ತು ಜನ ಭಾನುವಾರ ಚಾಪೆಯ ಮೇಲೆ ಕೂತು ಹಾಡುತ್ತಿದ್ದರು, ಮನೆಗೆ ಹೋಗಿ ಉಣ್ಣುತ್ತಿದ್ದರು. ಟಿವಿಯಲ್ಲಿ ಬಂದದ್ದೇ ತಡ, ತೀರ್ಪುಗಾರರು ಕಣ್ಣೊರೆಸಿಕೊಂಡರು. ಊರಿನ ಅರ್ಧ ಮೊಬೈಲುಗಳು ಅದನ್ನೇ ಕೂಗತೊಡಗಿದವು. ಹಣೆ ತುಂಬ ವಿಭೂತಿಯ ದಲಾಲಿ ಪಂಚಾಕ್ಷರಪ್ಪ ಕೂಡ "ಏನ್ ಹಾಡ್ಯಾಳಬೇ ನಿನ್ ಮಗಳು" ಎಂದು ಚಹಾ ತರಿಸಿಕೊಟ್ಟ. ಮಾಳಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹಾಡಿಗೆ ಮುಂಚೆ ಮನೆಯ ದೃಶ್ಯ ತೋರಿಸಿದರಲ್ಲ, ಕೆಟ್ಟಿದ್ದು ಅಲ್ಲಿ. ಚಾನೆಲ್ಲಿನವರು ಬಂದಾಗ ಗೋಡೆಯ ಮೇಲೆ ಅಂಬೇಡ್ಕರರ ಫೋಟೋ ಇತ್ತು, ಪಕ್ಕದಲ್ಲಿ ತೀರಿಹೋದ ಗಂಡ ಓಬಳೇಶನದು. ಯಾವ ದೇವರಿಗೂ ಕೈಮುಗಿಯದೆ ಬದುಕಿ, ಮಗನಿಗೆ ಕ್ರಾಂತಿ ಎಂದು ಹೆಸರಿಟ್ಟು ಹೋದ ಮನುಷ್ಯ. ಇಬ್ಬರನ್ನೂ ಇಳಿಸಿ, ತಮ್ಮ ಚೀಲದಿಂದ ಕಟ್ಟಿಗೆಯ ಶಿಲುಬೆ ತೆಗೆದು ಮೊಳೆ ಹೊಡೆದರು. "ಮೊಣಕಾಲೂರ್ರಿ ಅಮ್ಮ, ಕಣ್ಣು ಮುಚ್ರಿ" ಎಂದರು. ಮಾಳಮ್ಮ ಮನೆಯಲ್ಲಿ ಎಂದೂ ಮೊಣಕಾಲೂರಿದವಳಲ್ಲ. ರೊಟ್ಟಿ ಬಡಿಯುತ್ತಲೇ ಪ್ರಾರ್ಥನೆ ಮಾಡುವವಳು. ಮಗಳಿಗಾಗಿ ಊರಿದಳು. ಅವರು ಹೋಗುವಾಗ ಶಿಲುಬೆ ಒಯ್ದರು, ಮೊಳೆ ಬಿಟ್ಟರು.

ಕ್ರಾಂತಿಕುಮಾರ ಪರಿಶಿಷ್ಟ ಜಾತಿಯ ಮೀಸಲಾತಿಯಲ್ಲಿ ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಆಯ್ಕೆಯಾಗಿದ್ದ. ಉಳಿದದ್ದು ಜಾತಿ ಪ್ರಮಾಣಪತ್ರದ ಪರಿಶೀಲನೆಯೊಂದೇ. ಕ್ರೈಸ್ತರಾದವರಿಗೆ ಆ ಮೀಸಲಾತಿ ಇಲ್ಲ. ಯಾರೋ ಅರ್ಜಿ ಹಾಕಿದ್ದರು: ಈ ಮನೆಯವರೆಲ್ಲ ಮತಾಂತರವಾಗಿದ್ದಾರೆ, ಸಾಕ್ಷಿಗೆ ಟಿವಿ ನೋಡಿ. ಕ್ರಾಂತಿಕುಮಾರ ಒಂದು ದಿನವೂ ಕೂಟದ ಹೊಸ್ತಿಲು ತುಳಿದವನಲ್ಲ. ಏನಾದರೇನು, ತಾಯಿಯ ಮೊಣಕಾಲು ಸಾಕಾಯಿತು.

"ಇದು ಐದನೇ ಪರೀಕ್ಷೆ ಯವ್ವಾ. ಇನ್ನೊಂದು ಬರಿಯೂ ಶಕ್ತಿ ಉಳಿದಿಲ್ಲ" ಎಂದ ನೆಲ ನೋಡುತ್ತಾ. "ಟಿವಿಯವ್ರು ಹೇಳಿದಂಗ ಮಾಡಿದ್ವಿ ಅನ್ನು. ಅಷ್ಟ."

ಜಿಲ್ಲಾ ಕೇಂದ್ರದ ಕಚೇರಿಯಲ್ಲಿ ಅಧಿಕಾರಿ ಕೆಟ್ಟವನೇನಲ್ಲ, ಕುರ್ಚಿ ಕೊಟ್ಟ. ಮೊಬೈಲಿನಲ್ಲಿ ದೃಶ್ಯ ತೋರಿಸಿ ಕೇಳಿದ.

"ಈ ಶಿಲುಬಿ ನಿಮ್ದಾ?"

"ಅಲ್ರಿ. ಅವ್ರ ತಂದಿದ್ರು, ಅವ್ರ ಒಯ್ದ್ರು."

"ಮೊಣಕಾಲೂರಿದ್ದು?"

"ಅವ್ರ ಹೇಳಿದ್ರು, ಊರಿದೆ."

ಎರಡೂ ನಿಜ. ನಿಜ ಹೇಳಿಯೇ ಪಾರಾಗಬಹುದೆಂದು ಮಾಳಮ್ಮನಿಗೆ ಒಂದು ಗಳಿಗೆ ಧೈರ್ಯ ಬಂತು.

"ಹಾಡು?"

ಮಗನ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು.

"ಅದೂ ಅವ್ರದ ರಿ."

"ಮೂರು ನುಡಿ ಐತಿ, ಪ್ರತಿ ಭಾನುವಾರ ಹಾಡ್ತಾರ ಅಂತ ಅರ್ಜಿಯಾಗ ಬರದಾರಲ್ಲ. ಟಿವಿಯಾಗ ಬಂದಿದ್ದು ಎರಡ. ಮೂರನೇದು ಗೊತ್ತೇನು?"

ಹಾಗಾದರೆ ಬರೆದವರು ಅವಳ ಜೊತೆ ಚಾಪೆಯ ಮೇಲೆ ಕೂತವರೇ. ಅದಕ್ಕೆ ಅಳಲೂ ಪುರುಸೊತ್ತಿರಲಿಲ್ಲ. ಮೂರನೇ ನುಡಿ ಹುಟ್ಟಿದ್ದು ಕ್ರಾಂತಿಕುಮಾರ ಮೂರು ವರ್ಷದವನಿದ್ದಾಗ. ಜ್ವರ ನೆತ್ತಿಗೇರಿ ಡಾಕ್ಟರು ಕೈಚೆಲ್ಲಿದ್ದರು. ಅವನನ್ನು ಮಡಿಲಲ್ಲಿ ಹಾಕಿಕೊಂಡು ಅಳುತ್ತಲೇ ಕಟ್ಟಿದ್ದಳು. ನಾಲ್ಕನೇ ದಿನ ಕಣ್ಣು ಬಿಟ್ಟು ನೀರು ಕೇಳಿದ್ದ.

"ನಂಗೊತ್ತಿಲ್ರಿ."

ಗುಮಾಸ್ತ ಹೇಳಿಕೆ ಬರೆದು ಓದಿದ. "ಸದರಿ ಹಾಡು ನನ್ನದಲ್ಲ. ನನಗೆ ಯೇಸುವಿನಲ್ಲಿ ನಂಬಿಕೆ ಇರುವುದಿಲ್ಲ." ಎರಡನೇ ಮಾತು ಅವಳು ಹೇಳಿರಲಿಲ್ಲ. ಮಗನ ಕಡೆ ನೋಡಿದಳು. ಅವನು ಪೆನ್ನು ಮುಂದೆ ಹಿಡಿದಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೂ ಆಗಲಿಲ್ಲ. ಸಹಿ ಮಾಡಿದಳು.

ತಿರುಗಿ ಬರುವಾಗ ಬಸ್ಸು ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಪ್ರಿಯಾಳ ಫೋನು ಬಂತು. ಸ್ಪರ್ಧೆ ಮುಗಿಯುವ ತನಕ ಅವಳ ಮನಸ್ಸು ಕೆಡಿಸಬಾರದೆಂದು ನೋಟಿಸಿನ ಸುದ್ದಿ ಮುಚ್ಚಿಟ್ಟಿದ್ದರು.

"ಯವ್ವಾ, ಮುಂದಿನ ವಾರ ಮೂರೂ ನುಡಿ ಹಾಡಬೇಕಂತ. ಎರಡು ನಂದು, ಮೂರನೇದು ನೀನ ಬಂದು ಸ್ಟೇಜ್ ಮ್ಯಾಲ ಹಾಡಬೇಕಂತ. ಗಾಡಿ ಕಳಿಸ್ತಾರ."

ಜಿಲ್ಲೆಯ ಆಚೆ ಕಾಣದವಳು ಮಾಳಮ್ಮ. ಅಷ್ಟು ದೀಪಗಳ ಕೆಳಗೆ ಮಗಳ ಪಕ್ಕ ನಿಂತು ಯೇಸಯ್ಯನ ಹೆಸರು ಹೇಳುವುದನ್ನು ಕನಸಿನಲ್ಲಿ ಕೂಡ ಕೇಳಿಕೊಂಡಿರಲಿಲ್ಲ. ಅದೇ ತಾನಾಗಿ ಬಾಗಿಲಿಗೆ ಬಂದಿತ್ತು.

"ಮೂರನೇದು ನಂಗೊತ್ತಿಲ್ಲ ಮಗಳ" ಎಂದಳು.

ಪ್ರಿಯಾ ನಕ್ಕಳು. "ನೀನ ಕಟ್ಟಿದ್ದು, ನಿನಗ ಗೊತ್ತಿಲ್ಲಂದ್ರ?"

"ಗೊತ್ತಿಲ್ಲಬೇ. ಮರ್ತು ಹೋಗೈತಿ."

"ತಡಿ, ನಾ ನೆನಪು ಮಾಡ್ತೀನಿ" ಎಂದು ಪ್ರಿಯಾ ಫೋನಿನಲ್ಲೇ ಎತ್ತಿಕೊಂಡಳು:

ಕಣ್ಣು ತೆರಿಯದ ಕೂಸಿನ ಹಣಿಮ್ಯಾಲ
ಕೈಯಿಟ್ಟು ಎಬ್ಬಿಸಿದ್ಯೋ ಯೇಸಯ್ಯಾ.

ಮುಂದಿನ ಸೀಟಿನವರು ಯಾರ ದನಿ ಎಂದು ತಿರುಗಿ ನೋಡಿದರು. ಆ ಕೂಸು ಮಾಳಮ್ಮನ ಪಕ್ಕದಲ್ಲೇ ಕೂತು, ಬಂದ್ ಮಾಡು ಎಂದು ಕೈಸನ್ನೆ ಮಾಡುತ್ತಿತ್ತು. ಅವಳು ಬಂದ್ ಮಾಡಿದಳು.