ರಾಯರು ಕಾಫಿಗೆ ಹೋಗಿದ್ದಾರೆ

ನಾನು ಒಂದು ಕೋಟು. ಬೂದು ಬಣ್ಣದ ಟೆರಿವುಲ್ ಬಟ್ಟೆ, ಮೂರು ಗುಂಡಿ, ಒಳಗಡೆ ಒಂದು ಕಳ್ಳ ಜೇಬು. ಜನ ಕೋಟು ಹೊಲಿಸುವುದು ತೊಟ್ಟುಕೊಳ್ಳಲು. ನನ್ನನ್ನು ಹೊಲಿಸಿದ್ದು ಕುರ್ಚಿಗೆ ಹಾಕಲು.

ನಾನು ಹುಟ್ಟಿದ್ದು ಸಾವಿರದ ಒಂಬೈನೂರ ಎಪ್ಪತ್ನಾಲ್ಕರಲ್ಲಿ, ಚಿತ್ರದುರ್ಗದ ಒಂದು ಓಣಿಯಲ್ಲಿದ್ದ ದಸ್ತಗೀರ್ ಸಾಬರ ಹೊಲಿಗೆ ಅಂಗಡಿಯಲ್ಲಿ. ಅಳತೆ ಕೊಡಲು ಬಂದವರು ಚೆನ್ನವೀರಯ್ಯ. ಒಂದು ಸರ್ಕಾರಿ ಕಚೇರಿಯಲ್ಲಿ ಆಗ ತಾನೇ ಸೂಪರಿಂಟೆಂಡೆಂಟ್ ಆಗಿದ್ದರು. ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಎಲ್ಲ ಒಂದೇ ಥರ ಇದ್ದವು.

"ಭುಜ ಗಟ್ಟಿ ಇರ್ಬೇಕು ಸಾಬ್ರೇ. ಒಳಗೆ ನಾನು ಇಲ್ದಿದ್ರೂ ಇದ್ದಂಗೆ ಕಾಣ್ಬೇಕು" ಎಂದರು ಚೆನ್ನವೀರಯ್ಯ.

ಸಾಬರು ಅಳತೆ ಪಟ್ಟಿಯನ್ನು ಕತ್ತಿಗೆ ಹಾಕಿಕೊಂಡು ನಕ್ಕರು. "ನೀವಿಲ್ದೆ ಕೋಟೊಂದೇ ಏನ್ ಮಾಡ್ತೈತೆ ಸ್ವಾಮಿ?"

"ನೌಕರಿ ಮಾಡ್ತೈತೆ."

ಸಾಬರು ಆ ಮಾತು ನಡೆಸಿಕೊಟ್ಟರು. ಮೇಲಿನ ಬಟ್ಟೆಗೂ ಒಳಗಿನ ಅಸ್ತರಿಗೂ ನಡುವೆ ಬಿರುಸಾದ ಕ್ಯಾನ್ವಾಸ್ ಬಟ್ಟೆಯನ್ನು ಒಂದು ಪದರದ ಬದಲು ಎರಡು ಪದರ ಇಟ್ಟು, ಕೈಯಿಂದಲೇ ಒತ್ತೊತ್ತಾಗಿ ಹೊಲಿದರು. ಹೊಲಿದು ಮುಗಿಸಿ ಒಂದು ಸ್ಟೂಲಿನ ಮೇಲೆ ನನ್ನನ್ನು ಕೂರಿಸಿದರು. ನಾನು ಕೂತೇ ಇದ್ದೆ. ಅಂಗಡಿಗೆ ಬಂದ ಗಿರಾಕಿಯೊಬ್ಬ ನನಗೆ ನಮಸ್ಕಾರ ಹೇಳಿದನಂತೆ. ಅದು ಸಾಬರು ಕಟ್ಟಿದ ಕತೆಯೂ ಇರಬಹುದು.

ಚೆನ್ನವೀರಯ್ಯನವರಿಗೆ ನಾಟಕದ ಹುಚ್ಚು. ಹತ್ತೂವರೆಗೆ ಕಚೇರಿಗೆ ಬಂದು, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ನನ್ನನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ತೊಡಿಸಿ, ಪಕ್ಕದ ಬೀದಿಯ ಶಾಲೆಯ ಹಾಲಿಗೆ ಪ್ರಾಕ್ಟೀಸಿಗೆ ಹೋಗಿಬಿಡುತ್ತಿದ್ದರು. ಅಲ್ಲಿ ಅವರು ರಾಜ, ಇಲ್ಲಿ ನಾನು ಸೂಪರಿಂಟೆಂಡೆಂಟ್. ಯಾರಾದರೂ ಬಂದು ಸಾಹೇಬರೆಲ್ಲಿ ಎಂದು ಕೇಳಿದರೆ ಜವಾನ ತಿಪ್ಪಯ್ಯ ಗಲ್ಲದಿಂದ ನನ್ನ ಕಡೆ ತೋರಿಸುತ್ತಿದ್ದ.

"ಇಲ್ಲೇ ಅದಾರೆ. ಕೋಟೈತಲ್ಲ. ಕಾಫಿಗೆ ಹೋಗಿದಾರೆ."

ಕುರ್ಚಿಯ ಮೇಲಿನಿಂದ ನಾನು ಕಚೇರಿಯನ್ನೆಲ್ಲ ನೋಡುತ್ತಿದ್ದೆ. ಗುಮಾಸ್ತರೆಲ್ಲ ಬಿಳಿ ಅರ್ಧ ತೋಳಿನ ಅಂಗಿಯವರು, ಜೇಬಿನ ಬುಡದಲ್ಲಿ ಶಾಯಿಯ ನೀಲಿ ಕಲೆ. ಕಾಲರು ಬೆವರಿಗೆ ಕೊಳೆಯಾಗದಿರಲಿ ಎಂದು ಕತ್ತಿನ ಸುತ್ತ ಕರ್ಚೀಫು. ಹಳೆಯ ಶಿರಸ್ತೇದಾರರೊಬ್ಬರು ಪಂಚೆಯ ಮೇಲೆ ಮುಚ್ಚುಗೊರಳಿನ ಕೋಟು ಹಾಕಿ, ರುಮಾಲು ಸುತ್ತಿಕೊಂಡು ಬರುತ್ತಿದ್ದರು. ಹೊಸದಾಗಿ ಸೇರಿದ ಟೈಪಿಸ್ಟ್ ಒಂದು ದಿನ ಬೆಲ್‌ಬಾಟಂ ಹಾಕಿಕೊಂಡು ಬಂದಾಗ, ನೆಲ ಗುಡಿಸುವ ಕೆಲಸ ಉಳಿಯಿತು ಎಂದು ಎಲ್ಲರೂ ಅವನ ಕಾಲೆಳೆದರು. ಮಾರನೆಯ ದಿನ ಅವನೂ ಬಿಳಿ ಅಂಗಿಗೆ ಇಳಿದ.

ಒಬ್ಬ ಮುದುಕಿ ಸತತ ಮೂರು ದಿನ ಬಂದು ನನ್ನೆದುರಿನ ಬೆಂಚಿನ ಮೇಲೆ ಕೂತಳು. ಅವಳ ಗಂಡ ತೀರಿಕೊಂಡಿದ್ದ, ಕಾಗದದಲ್ಲಿ ಮಾತ್ರ ಇನ್ನೂ ಬದುಕಿದ್ದ. ಅದನ್ನು ತಿದ್ದಿಸಬೇಕಿತ್ತು, ಸಹಿ ಬೇಕಿತ್ತು. ಮೂರನೆಯ ದಿನ ತಿಪ್ಪಯ್ಯ ಇಲ್ಲದ ಹೊತ್ತಿನಲ್ಲಿ ಅವಳು ನನ್ನನ್ನೇ ಕೇಳಿದಳು: "ಹೋದೋನ್ನ ಹೋದ ಅಂತ ಬರಕೊಳ್ಳಾಕೆ ಎಷ್ಟು ದಿನ ಬೇಕು ನಿಮ್ಗೆ?"

ಅವತ್ತು ನನಗೆ ತುಂಬ ನಾಚಿಕೆಯಾಯಿತು. ನಾಲ್ಕನೆಯ ದಿನ ಅವಳು ಬರಲಿಲ್ಲ. ಆಮೇಲೆ ಯಾರು ಬಂದು ಕೂತರೂ ನನಗೆ ಏನೂ ಅನ್ನಿಸಲಿಲ್ಲ. ಹದಿನೈದು ವರ್ಷ ಬೇರೆಯವರ ಬದಲಿಗೆ ಕೂತರೆ ಹಾಗಾಗುತ್ತದೆಯೋ ಏನೋ.

ಚೆನ್ನವೀರಯ್ಯ ರಿಟೈರಾದರು. ಬೀಳ್ಕೊಡುಗೆಯ ದಿನ ಇಡೀ ಹೊತ್ತು ನನ್ನನ್ನು ತೊಟ್ಟುಕೊಂಡಿದ್ದರು. ಅಷ್ಟು ಹೊತ್ತು ತೊಟ್ಟದ್ದು ಅದೇ ಮೊದಲು. ಮಾರನೆಯ ದಿನ ನುಸಿಗುಳಿಗೆಯ ಜೊತೆ ಟ್ರಂಕಿಗೆ ಸೇರಿದೆ. ಟ್ರಂಕಿನಲ್ಲಿ ಎಷ್ಟು ವರ್ಷ ಕಳೆಯಿತು ಎಂದು ನನಗೆ ಗೊತ್ತಾಗಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ.

ಮುಚ್ಚಳ ತೆಗೆದವನು ಅವರ ಮಗ ರುದ್ರಮುನಿ. ಇವನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲೆ. ಈಗ ತಲೆ ಬೆಳ್ಳಗಾಗಿತ್ತು. ಅಪ್ಪನ ಹುಚ್ಚು ಮಗನಿಗೆ ಹೊಟ್ಟೆಪಾಡಾಗಿ, ಬೆಂಗಳೂರಿನಲ್ಲಿ ಟೀವಿ ಧಾರಾವಾಹಿಗಳ ನಟನಾಗಿದ್ದ. ಒಂದರಲ್ಲಿ ಹೆಣ್ಣಿನ ತಂದೆ, ಇನ್ನೊಂದರಲ್ಲಿ ಎರಡೇ ದಿನದ ಡಾಕ್ಟರು. ಅಲ್ಲೆಲ್ಲ ಸಣ್ಣ ಪಾತ್ರದವರು ಬಟ್ಟೆಯನ್ನು ತಾವೇ ತಂದುಕೊಳ್ಳಬೇಕಂತೆ. ಎಪ್ಪತ್ತೈದನೆಯ ಇಸವಿಯ ಕಚೇರಿಯ ಕತೆಯೊಂದು ಶುರುವಾಗುತ್ತಿತ್ತು, ಅದಕ್ಕೊಬ್ಬ ಸೂಪರಿಂಟೆಂಡೆಂಟ್ ಬೇಕಿತ್ತು. ಪಾತ್ರದ ಹೆಸರು ಸದಾಶಿವರಾಯರು. ಕೋಟು ತನ್ನ ಹತ್ತಿರವೇ ಇದೆ ಎಂದು ಹೇಳಿ ರುದ್ರಮುನಿ ಪಾತ್ರ ಗಿಟ್ಟಿಸಿದ್ದ. ಮೂವತ್ತು ವರ್ಷದಲ್ಲಿ ಅವನಿಗೆ ದಿನವೂ ಬರುವ ಪಾತ್ರ ಸಿಕ್ಕಿದ್ದು ಇದೊಂದೇ.

ಊರ ಹೊರಗಿನ ಗೋದಾಮಿನಲ್ಲಿ ಕಚೇರಿಯ ಸೆಟ್ಟು. ನಾನು ಕಣ್ಣರಳಿಸಿ ನೋಡಿದೆ. ಗುಮಾಸ್ತರೆಲ್ಲ ಬೆಲ್‌ಬಾಟಂ! ಹೂವಿನ ಅಂಗಿ, ಕಿವಿಯಷ್ಟಗಲದ ಕಾಲರು, ಅಂಟಿಸಿದ ಕೆನ್ನೆಗೂದಲು. ಒಂದಾದರೂ ಸುಕ್ಕಿಲ್ಲ, ಶಾಯಿಯ ಕಲೆಯಿಲ್ಲ. ಕತ್ತಿಗೆ ಕರ್ಚೀಫು ಸುತ್ತಿಕೊಳ್ಳುತ್ತಿದ್ದರು ಎಂದು ರುದ್ರಮುನಿ ಹೇಳಿನೋಡಿದ. "ಹೀರೋ ಕುತ್ತಿಗೆಗೆ ಕರ್ಚೀಫಾ ಸಾರ್?" ಎಂದು ಡೈರೆಕ್ಟರು ಮಾತು ಮುಗಿಸಿದರು.

ಆಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು. "ಇದ್ಯಾಕೋ ಆ ಕಾಲದ್ದು ಅನ್ನಿಸ್ತಿಲ್ಲ ಗಿರಿಯಪ್ಪ."

ಗಿರಿಯಪ್ಪ ಅಲ್ಲಿ ಬಟ್ಟೆಬರೆಯ ಉಸ್ತುವಾರಿಯವನು. ಬಾಯಲ್ಲಿ ಸದಾ ಎರಡು ಗುಂಡುಪಿನ್ನು. "ಸಾರ್, ಇದೊಂದೇ ಆ ಕಾಲದ್ದು. ಮಿಕ್ಕಿದ್ದೆಲ್ಲ ಹೋದ ವಾರ ಹೊಲ್ಸಿದ್ದು."

"ಇರ್ಬೋದಪ್ಪ. ಕಾಣ್ಬೇಕಲ್ಲ!"

ಗಿರಿಯಪ್ಪ ನನ್ನ ಎದೆಯ ಮೇಲಿನ ಕಿರಿದಾದ ಕಾಲರನ್ನು ಕತ್ತರಿಸಿ, ಬೇರೆ ಬಟ್ಟೆಯ ಅಗಲವಾದ ಕಾಲರನ್ನು ಜೋಡಿಸಿದ. ಹೊಲಿಯುವಾಗ ನನಗೆ ಮಾತ್ರ ಕೇಳುವಂತೆ "ತಪ್ಪಾಯ್ತು ಕಣಪ್ಪ" ಎಂದ. ನನಗೆ ನೋವಾಗಲಿಲ್ಲ. ಅಂತೂ ಇಂತೂ ನಾನು ಎಪ್ಪತ್ತೈದರ ಕೋಟಾದೆ.

ಕೋಟನ್ನು ಕುರ್ಚಿಗೆ ಹಾಕಿ ಹೋಗುವ ಸಂಗತಿಯನ್ನು ಡೈರೆಕ್ಟರಿಗೆ ಹೇಳಿಕೊಟ್ಟವನು ರುದ್ರಮುನಿಯೇ. ಅವರು ಕುಣಿದಾಡಿದರು. ರಾಯರು ಮೀಟಿಂಗಿದ್ದಾಗ ಬರುವುದು, ಬೈಯುವುದು, ನನ್ನನ್ನು ಕುರ್ಚಿಗೆ ತೊಡಿಸಿ ಮಾಯವಾಗುವುದು. ಜವಾನನ ಪಾತ್ರದ ಬೋರಲಿಂಗಪ್ಪ ಕ್ಯಾಮೆರಾ ಕಡೆ ತಿರುಗಿ, "ಕೋಟಿದೆಯಲ್ಲ ಸಾರ್, ರಾಯರು ಕಾಫಿಗೆ ಹೋಗಿದ್ದಾರೆ" ಎನ್ನುವುದು. ಆ ಮಾತು ಮನೆಮನೆಗೂ ಹೋಯಿತು. ತರಕಾರಿ ಅಂಗಡಿಯವನೂ ತನ್ನನ್ನು ರಾಯರೇ ಅನ್ನುತ್ತಾನೆ ಎಂದು ರುದ್ರಮುನಿ ಗಿರಿಯಪ್ಪನಿಗೆ ಹೇಳಿಕೊಳ್ಳುತ್ತಿದ್ದ. ಶಾಟ್ ಮುಗಿದ ಮೇಲೆ ನನ್ನ ಕಳ್ಳ ಜೇಬಿನಿಂದ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಳ್ಳುವನು. ಸಿಗರೇಟು ಬಿಡಿಸಲು ಹೆಂಡತಿ ನೀಲಮ್ಮ ಕಟ್ಟಿಕೊಡುತ್ತಿದ್ದ ಲವಂಗ ಅದು.

ಒಂದು ಭಾನುವಾರ ಬೆಳಿಗ್ಗೆ ಮನೆಯಲ್ಲಿ ಹಲ್ಲುಜ್ಜುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಗೋದಾಮಿನಲ್ಲಿ ಹ್ಯಾಂಗರಿಗೆ ನೇತಾಡುತ್ತಿದ್ದೆ. ಸೋಮವಾರ ಎಲ್ಲರೂ ಎರಡು ನಿಮಿಷ ತಲೆ ತಗ್ಗಿಸಿ ನಿಂತರು. ಬೋರಲಿಂಗಪ್ಪ ಅತ್ತ. ಆಮೇಲೆ ಟೀ ಬಂತು.

"ರಾಯರದ್ದು ಇವತ್ತು ಮೂರು ಸೀನಿದೆ ಸಾರ್" ಎಂದ ಯಾರೋ.

ಡೈರೆಕ್ಟರು ಹಣೆ ತಿಕ್ಕಿಕೊಂಡರು. "ಕೋಟಿದೆಯಾ?"

"ಇದೆ ಸಾರ್" ಎಂದ ಗಿರಿಯಪ್ಪ.

"ಹಾಕು ಕುರ್ಚಿಗೆ."

ನನಗೆ ಗೊತ್ತಿದ್ದ ಕೆಲಸವೇ. ಒಂದು ವಾರಕ್ಕೆಂದು ಶುರುವಾದದ್ದು ಮೂರು ತಿಂಗಳು ನಡೆಯಿತು. ಪ್ರತಿದಿನ ಗಿರಿಯಪ್ಪ ಮೊಬೈಲಿನ ಫೋಟೋ ನೋಡಿ, ನಿನ್ನೆ ತೋಳು ಎಲ್ಲಿ ಇಳಿಬಿದ್ದಿತ್ತೋ ಅಲ್ಲೇ ಇಳಿಬಿಡುತ್ತಿದ್ದ. ವ್ಯತ್ಯಾಸ ಕಾಣಬಾರದೆಂದು ನನ್ನನ್ನು ಒಗೆಯಲಿಲ್ಲ, ಇಸ್ತ್ರಿ ಮಾಡಲಿಲ್ಲ. ಜೇಬಿನಲ್ಲಿ ಎರಡು ಲವಂಗ ಹಾಗೇ ಉಳಿದಿದ್ದವು. ದಿನಕ್ಕೊಂದು ಸಲ ಬೋರಲಿಂಗಪ್ಪ ನನ್ನ ಕಡೆ ಗಲ್ಲ ತೋರಿಸಿ, ರಾಯರು ಕಾಫಿಗೆ ಹೋಗಿದ್ದಾರೆ ಎನ್ನುತ್ತಿದ್ದ. ನೋಡುವವರು ಒಬ್ಬರೂ ತಕರಾರು ಮಾಡಲಿಲ್ಲ. ನಾನೂ ಮಾಡಲಿಲ್ಲ.

ತಕರಾರು ಮಾಡಿದ್ದು ನೀಲಮ್ಮ ಒಬ್ಬರೇ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೆಟ್ಟಿಗೆ ಬಂದರು. ಬೋರಲಿಂಗಪ್ಪ ತಟ್ಟೆ ಹಿಡಿದುಕೊಂಡೇ ಎದ್ದು ನಿಂತ. ನೀಲಮ್ಮ ನನ್ನನ್ನು ಮುಟ್ಟಲಿಲ್ಲ. ನನ್ನೆದುರಿನ ಬೆಂಚಿನ ಮೇಲೆ ಕೂತರು.

"ಗಿರಿಯಪ್ಪಣ್ಣ, ನನಗೆ ಅಳು ಬಂದಿಲ್ಲ" ಎಂದರು. ಬಸ್ಸು ಬಂದಿಲ್ಲ ಎನ್ನುವ ಹಾಗೆ ಹೇಳಿದರು. "ಮಣ್ಣು ಮಾಡಿ ಬಂದಾಗ್ಲೂ ಬರ್ಲಿಲ್ಲ. ನೆಂಟ್ರೆಲ್ಲ ಒಂಥರ ನೋಡಿದ್ರು. ದಿನಾ ಏಳು ಗಂಟೆಗೆ ಟೀವಿ ಹಾಕ್ತೀನಿ. ಕಾಫಿಗೆ ಹೋಗಿದಾರೆ ಅಂತೀರಿ. ನಾನು ಹೋಗಿ ಬಾಗ್ಲು ನೋಡಿ ಬರ್ತೀನಿ."

"ನೋಡ್ಬೇಡಿ ಅಕ್ಕ ಅದನ್ನ. ಬೇರೆ ಚಾನೆಲ್ ಹಾಕ್ಕೊಳಿ."

"ಹೆಂಗೆ ನೋಡ್ದೇ ಇರ್ಲಿ? ಇದಾರೆ ಅಂತೀರಲ್ಲ!"

ಗಿರಿಯಪ್ಪ ಬಾಯಿಂದ ಪಿನ್ನು ತೆಗೆದ. ಅಷ್ಟರಲ್ಲಿ ಡೈರೆಕ್ಟರು ಬಂದು ಕೈ ಮುಗಿದರು. ನೀಲಮ್ಮ ಅವರಿಗೆ ಹೇಳಿದರು: "ಹೋಗಿದಾರೆ ಅಂದ್ರೆ ಬರ್ತಾರೆ ಅಂತ ತಾನೇ ಸಾರ್? ಹೋದರು ಅನ್ನಿ. ಒಂದೇ ಒಂದು ಸಲ. ಮತ್ತೇನೂ ಬೇಡ ನನಗೆ."

ಡೈರೆಕ್ಟರು ಕೆಟ್ಟವರಲ್ಲ. ಆದರೆ ಕತೆಯಲ್ಲಿ ಸಾವು ತಂದರೆ ಚಾನೆಲ್‌ನವರು ಒಪ್ಪುವುದಿಲ್ಲ, ನಗಿಸುವ ಸೀರಿಯಲ್ಲು ಎಂದು ವಿವರಿಸಿದರು. "ಒಂದು ಕೆಲಸ ಮಾಡ್ತೀನಿ ಅಮ್ಮ. ರಾಯರನ್ನ ಬೀದರಿಗೆ ವರ್ಗ ಮಾಡಿಸ್ಬಿಡ್ತೀನಿ."

"ವರ್ಗ ಆದೋರು ವಾಪಸ್ ಬರ್ತಾರಲ್ಲ ಸಾರ್" ಎಂದು ನೀಲಮ್ಮ ಎದ್ದು ಹೋದರು.

ಮಾರನೆಯ ದಿನದ ಸೀನು ಎಂದಿನದೇ. ಹೀರೋ ಕಡತ ಹಿಡಿದು ಒಳಗೆ ಬರಬೇಕು, ರಾಯರೆಲ್ಲಿ ಎನ್ನಬೇಕು, ಬೋರಲಿಂಗಪ್ಪ ತನ್ನ ಮಾತು ಹೇಳಬೇಕು. ಲೈಟು ಹೊತ್ತಿತು. ಕ್ಯಾಮೆರಾ ಹೀರೋ ಮೇಲಿದ್ದಾಗ ಗಿರಿಯಪ್ಪ ಬಗ್ಗಿಕೊಂಡು ಕುರ್ಚಿಯ ಹಿಂದಿನಿಂದ ಬಂದು, ನನ್ನನ್ನು ಎತ್ತಿ ಎದೆಗೊತ್ತಿಕೊಂಡು ಪರದೆಯ ಮರೆಗೆ ಸರಿದ. ಮೂವತ್ತು ವರ್ಷದ ಕಸುಬಿನಲ್ಲಿ ಶಾಟಿನ ನಡುವೆ ಬಟ್ಟೆ ಕದ್ದದ್ದು ಅದೇ ಮೊದಲು.

"ರಾಯರೆಲ್ಲಿ?" ಎಂದ ಹೀರೋ.

ಬೋರಲಿಂಗಪ್ಪ ಗಲ್ಲ ತಿರುಗಿಸಿದ. ಕುರ್ಚಿ ಬರೀ ಕುರ್ಚಿಯಾಗಿತ್ತು. ಬಾಯಿ ತೆರೆದವನು ಹಾಗೇ ನಿಂತ. ಮಾತು ಮರೆತನೆಂದು ಪಕ್ಕದಿಂದ ಯಾರೋ ಹೇಳಿಕೊಟ್ಟರು. ಅವನು ತಲೆಯ ಮೇಲಿನ ಟೋಪಿ ತೆಗೆದ.

"ರಾಯರು ಹೋದರು ಸಾರ್."

ಯಾರೂ ಕಟ್ ಎನ್ನಲಿಲ್ಲ. ಹೀರೋ ಕಡತವನ್ನು ಮೇಜಿನ ಮೇಲಿಟ್ಟು, ಏನು ಮಾಡಬೇಕೆಂದು ತೋಚದೆ ಬೆಂಚಿನ ಮೇಲೆ ಕುಳಿತುಬಿಟ್ಟ. ಆಮೇಲೆ ಡೈರೆಕ್ಟರು ಗಿರಿಯಪ್ಪನಿಗೆ ಬಾಯಿಗೆ ಬಂದಂತೆ ಬೈದರು. ಬೈದಾದ ಮೇಲೆ ಆ ದೃಶ್ಯವನ್ನು ಎರಡು ಸಲ ನೋಡಿದರು. "ಚಾನೆಲ್‌ನವರು ಕೇಳಿದ್ರೆ ರಾಯರು ಮನೆಗೆ ಹೋದರು ಅಂತೀನಿ" ಎಂದು, ಅದನ್ನೇ ಇಟ್ಟುಕೊಂಡರು.

ಅದು ಟೀವಿಯಲ್ಲಿ ಬರುವ ದಿನ ಗಿರಿಯಪ್ಪ ನನ್ನನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ನೀಲಮ್ಮನ ಮನೆಗೆ ಹೋದ. ನೀಲಮ್ಮ ನನ್ನನ್ನು ಮಡಿಲಲ್ಲಿಟ್ಟುಕೊಂಡು ಟೀವಿ ಹಾಕಿದರು. ಬೋರಲಿಂಗಪ್ಪ ಟೋಪಿ ತೆಗೆದ, ಮಾತು ಹೇಳಿದ. ನೀಲಮ್ಮ ಎದ್ದು ಟೀವಿ ಆರಿಸಿದರು. ಅಡುಗೆಮನೆಗೆ ಹೋಗಿ ಒಲೆ ಆರಿಸಿದರು. ವಾಪಸ್ ಬಂದು ಕೂತು ನನ್ನ ಕಳ್ಳ ಜೇಬಿಗೆ ಕೈ ಹಾಕಿದರು. ಎರಡು ಲವಂಗ ಸಿಕ್ಕವು.

ಆಗ ಬಂತು ಅಳು. ಗಿರಿಯಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತ. ನೀಲಮ್ಮ ನನ್ನಲ್ಲಿ ಮುಖವಿಟ್ಟು ಒಂದು ಗಂಟೆ ಅತ್ತರು. ನನಗೆ ಅಳಲು ಬರುವುದಿಲ್ಲ. ನೆನೆಯುವುದೊಂದೇ ಬರುತ್ತದೆ. ಅಂಟಿಸಿದ ಕಾಲರೂ ನೆನೆಯಿತು, ದಸ್ತಗೀರ್ ಸಾಬರ ಎರಡು ಪದರವೂ ನೆನೆಯಿತು.

ಈಗ ನಾನು ಅದೇ ಮನೆಯ ಬೀರುವಿನ ಕೆಳಗಿನ ಅರೆಯಲ್ಲಿದ್ದೇನೆ. ವಯಸ್ಸಾಗಿದೆ, ಮೊಣಕೈ ಸವೆದಿದೆ. ತಿಂಗಳು ಕಳೆದ ಮೇಲೆ ನೀಲಮ್ಮ ನನ್ನನ್ನು ಬಿಸಿಲಿಗೆ ಹಾಕಲೆಂದು ತೆಗೆದು, ಕೈಗೆ ಸಿಕ್ಕಿದ ಕುರ್ಚಿಯ ಬೆನ್ನಿಗೆ ಹಾಕಿದರು. ಒಳಗೆ ಹೋಗಿ ಬಂದವರು, ಕುರ್ಚಿಯಲ್ಲಿ ಯಾರೋ ಕೂತ ಹಾಗೆ ಕಂಡು, ಬಾಗಿಲಲ್ಲೇ ನಿಂತರು. ಆಮೇಲೆ ಬ್ಲೇಡು ತಂದು, ಅಸ್ತರಿನ ಹೊಲಿಗೆ ಬಿಚ್ಚಿ, ಭುಜದ ಕ್ಯಾನ್ವಾಸನ್ನು ಪೂರಾ ಎಳೆದು ತೆಗೆದರು. ಸಾಬರ ಹೊಲಿಗೆ ಸುಲಭಕ್ಕೆ ಬಿಡಲಿಲ್ಲ, ಮಧ್ಯಾಹ್ನವೆಲ್ಲ ಹಿಡಿಯಿತು.

ಮತ್ತೆ ಕುರ್ಚಿಗೆ ಹಾಕಿ ನೋಡಿದರು. ನಾನು ಜಾರಿ ನೆಲಕ್ಕೆ ಬಿದ್ದೆ. ಈಗ ಯಾರು ನೋಡಿದರೂ ಒಳಗೆ ಯಾರೂ ಇಲ್ಲ ಎಂದು ತಿಳಿಯುತ್ತದೆ.