ಪಾಯಸಕ್ಕೆ ಮುಂಚೆ ಎದ್ದವಳು

ಯಾರಾದರೂ ಊಟಕ್ಕೆ ಕರೆದರೆ ಇಲ್ಲವೆನ್ನಲು ಗಿರೀಶನಿಗೆ ಬಾಯಿಯೇ ಬರುವುದಿಲ್ಲ. ಹದಿನಾರು ವರ್ಷದಿಂದ ಅಹಲ್ಯಾ ಹಲ್ಲು ಕಚ್ಚಿಕೊಂಡು ಸಹಿಸಿದ್ದಳು. ಆದರೆ ಇವತ್ತೂ ಒಪ್ಪಿಕೊಂಡು ಕೂತನಲ್ಲ ಪುಣ್ಯಾತ್ಮ!

ಪ್ಯಾರಿಸಿನ ದೊಡ್ಡ ಮ್ಯೂಸಿಯಂ ಒಂದರ ಚಿತ್ರಗಳು ೨೦೦೮ರ ಆ ಚಳಿಗಾಲ ಮೆಲ್ಬರ್ನ್‌ಗೆ ಬಂದಿದ್ದವು. ಇವತ್ತೇ ಕೊನೆ, ಐದಕ್ಕೆ ಬಾಗಿಲು ಮುಚ್ಚುತ್ತದೆ. ಅದಕ್ಕೆಂದೇ ಗಂಡ ಹೆಂಡತಿ ಸಿಡ್ನಿಯ ಗಿರಾವೀನ್‌ನಿಂದ ಬಂದದ್ದು. ಮೈಸೂರಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಾಗ ಅಹಲ್ಯಾ, ನದಿಯಲ್ಲಿ ಬಟ್ಟೆ ಒಗೆಯುವ ಹೆಂಗಸಿನ ಚಿತ್ರವೊಂದರ ಕಪ್ಪುಬಿಳುಪು ಪ್ರಿಂಟನ್ನು ಕ್ಲಾಸಿನ ಗೋಡೆಗೆ ಅಂಟಿಸಿದ್ದಳು. "ಮಿಸ್, ನೀರು ಯಾವ ಬಣ್ಣ?" ಎಂದು ಮಕ್ಕಳು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದಳು. ಆಮೇಲೂ ಬಣ್ಣದ ಪ್ರತಿಯನ್ನು ಬೇಕೆಂದೇ ನೋಡಿರಲಿಲ್ಲ. ನೋಡಿದರೆ ಅಸಲಿಯನ್ನೇ ನೋಡಬೇಕೆಂಬ ಹಟ. ಆ ಅಸಲಿ ಈಗ ಈ ಪ್ರದರ್ಶನದಲ್ಲಿತ್ತು.

ಗಿರೀಶನ ಹಳೆಯ ಸಹಪಾಠಿ ಚಕ್ರಪಾಣಿ ಮೆಲ್ಬರ್ನ್ ಹೊರವಲಯದ ಟಾರ್ನೀಟ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದ. ಹನ್ನೆರಡಕ್ಕೆ ಕರೆದವನು ಎರಡೂವರೆಯಾದರೂ ತಟ್ಟೆ ಇಡಲಿಲ್ಲ. ನಾಲ್ಕು ಬೆಡ್‌ರೂಮು, ಗ್ಯಾರೇಜು, ಕೊನೆಗೆ ವಾಷಿಂಗ್ ಮಷೀನನ್ನೂ ತೋರಿಸಿದ. ಆಮೇಲೆ, "ಬನ್ನಿ ಮೇಡಂ, ನಿಮ್ಮ ಆ ಬಟ್ಟೆ ಒಗೆಯೋ ಚಿತ್ರ ನಮ್ಮನೇಲೇ ಇದೆ! ಎಕ್ಸಿಬಿಷನ್ ಅಂಗಡೀಲೇ ತಗೊಂಡಿದ್ದು. ಸೋಫಾಗೆ ಮ್ಯಾಚ್ ಆಗುತ್ತೆ," ಎಂದ.

ಅಹಲ್ಯಾ ಗಕ್ಕನೆ ಕಣ್ಣು ಮುಚ್ಚಿಕೊಂಡಳು.

"ತಲೆ ಸುತ್ತುತ್ತಾ?" ಎಂದಳು ಅವನ ಹೆಂಡತಿ ಭಾಗೀರಥಿ.

ಊಟ ಮುಗಿಯುವ ಲಕ್ಷಣವೇ ಇಲ್ಲ. ಹುಳಿಯನ್ನ ಆಯಿತು, ಹೋಳಿಗೆ ಎರಡು ಸಲ ಬಂತು, ಪಾಯಸ ಬಾಕಿ. ಗಂಟೆ ಮೂರೂಮುಕ್ಕಾಲು.

"ರೀ, ಹೊರಡೋಣ," ಎಂದಳು.

"ಪಾಯಸ ಬರಲಿ ಇರು. ಚಿತ್ರ ಇಲ್ಲೇ ನೋಡಿದ ಹಾಗಾಯ್ತಲ್ಲ," ಎಂದು ಗಿರೀಶ ನಕ್ಕ.

ಅಹಲ್ಯಾಗೆ ಮೈಯೆಲ್ಲ ಉರಿಯಿತು. ಎಲ್ಲರೂ ಉಣ್ಣುತ್ತಿರುವಾಗ ನಡುವೆ ಏಳಬಾರದೆಂದು ಅವಳಿಗೆ ಅವಳಮ್ಮ ಕಲಿಸಿದ್ದಳು. ಅವಳು ಎದ್ದಳು. ಕೈ ತೊಳೆದು, ಗಂಡನ ತಟ್ಟೆಯ ಪಕ್ಕದಲ್ಲಿದ್ದ ಬಾಡಿಗೆ ಕಾರಿನ ಕೀ ಎತ್ತಿಕೊಂಡು ಹೊರಟೇಬಿಟ್ಟಳು. ಭಾಗೀರಥಿ ಪಾಯಸದ ಪಾತ್ರೆ ಹಿಡಿದು ನಿಂತಲ್ಲೇ ನಿಂತಳು.

ಅಸಲಿ ಚಿತ್ರದ ಮುಂದೆ ನಿಂತಾಗ ಐದಕ್ಕೆ ಹತ್ತು ನಿಮಿಷ. ಸಿಟ್ಟಿಗೆ ಕಣ್ಣಲ್ಲಿ ನೀರು ತುಂಬಿ ಎಲ್ಲ ಮಸುಕು. ಛೇ, ಬಂದೂ ಇಷ್ಟೇನಾ!

ಫೋನ್ ನಡುಗಿತು. ಗಿರೀಶ. "ಎಂಥ ಅವಮಾನ ಮಾಡ್ದೆ! ಭಾಗೀರಥಿಯವರು ಅಳ್ತಿದ್ದಾರೆ. ಫೋನ್ ಕೊಡ್ತೀನಿ, ಸಾರಿ ಹೇಳು."

"ಈಗ ಆಗಲ್ಲ ರೀ. ನಾನು ನೋಡ್ತಿದ್ದೀನಿ."

ಫೋನನ್ನು ಆಫ್ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನು ಏಳು ನಿಮಿಷವಿತ್ತು. ಅದರಲ್ಲಿ ಒಂದನ್ನೂ ಅವಳು ಯಾರಿಗೂ ಬಿಟ್ಟುಕೊಡಲಿಲ್ಲ.