ವಾರಸುದಾರರಿಲ್ಲದ ಫ್ಲಾಸ್ಕ್

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕೆಲವು ದಿನ ಜನರಿಗಿಂತ ಸಾಮಾನೇ ಹೆಚ್ಚಿರುತ್ತದೆ. ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಮೊಸರಿನ ಕ್ಯಾನು, ಹೊಲಿದು ಮುಗಿದ ರವಿಕೆ, ರಿಪೇರಿಯಾದ ಮಿಕ್ಸಿ, ಯಾರದೋ ಹಲ್ಲಿನ ಸೆಟ್ಟು ಸಾಲಾಗಿ ಕುಳಿತಿರುತ್ತವೆ. ಕಳಿಸಿದವರು ಸಾಗರದಲ್ಲೇ ಉಳಿದಿರುತ್ತಾರೆ. ಪಡೆಯುವವರು ಮುಂದಿನ ಯಾವುದೋ ನಿಲ್ದಾಣದಲ್ಲಿ ಕಾಯುತ್ತಿರುತ್ತಾರೆ. ನಡುವೆ ಕಂಡಕ್ಟರ್ ಹೂವಯ್ಯ ಇರುತ್ತಾನೆ. ವಿಳಾಸ ಬರೆಯುವ ಪದ್ಧತಿ ಇಲ್ಲ. ‘ಇದು ನಮ್ಮ ಭಾವನಿಗೆ’ ಎಂದರೆ ಸಾಕು. ಯಾವ ಭಾವ ಎಂದು ಕೇಳುವುದು ಹೂವಯ್ಯನ ಮರ್ಯಾದೆಗೆ ಕಡಿಮೆ.

ಈ ಬಸ್ಸಿಗೆ ‘ವಾರಸುದಾರರಿಲ್ಲದ ವಸ್ತು’ ಎಂಬ ಮಾತು ಪರಿಚಯವಾದದ್ದು ಅಂಜನಪ್ಪನವರಿಂದ. ಭಯೋತ್ಪಾದನೆ ಎದುರಿಸಲು ತಾಲ್ಲೂಕುಗಳೂ ಸಜ್ಜಾಗಿರಬೇಕು ಎಂದು ಮೇಲಿನಿಂದ ಸುತ್ತೋಲೆ ಬಂದಾಗ ಹೊಸನಗರದಲ್ಲಿ ‘ಸುರಕ್ಷತಾ ಸನ್ನದ್ಧತಾ ಕೋಶ’ ಹುಟ್ಟಿತು. ಅದುವರೆಗೆ ಕೆರೆಗಳಿಗೆ ಮೀನುಮರಿ ಬಿಡಿಸುತ್ತಿದ್ದ ಅಂಜನಪ್ಪ ಅದರ ಮುಖ್ಯಸ್ಥರಾದರು. ಅಣಕು ಕಾರ್ಯಾಚರಣೆಯನ್ನು ಅವರು ಮೊದಲು ಕಾರ್ಗಲ್ ಬಳಿ ಅಣೆಕಟ್ಟೆಯ ಮಗ್ಗುಲಲ್ಲಿ ನಡೆಸಬೇಕೆಂದಿದ್ದರು. ಅಲ್ಲಿನ ಗೇಟಿನಲ್ಲಿ ಕಾವಲಿನವರು ಅವರನ್ನೇ ತಡೆದು ಗುರುತಿನ ಚೀಟಿ ಕೇಳಿದರು. ಅಂಜನಪ್ಪನವರು ಚೀಟಿಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು. ಹಾಗಾಗಿ ಕಾರ್ಯಾಚರಣೆ, ಯಾರೂ ಯಾರನ್ನೂ ಏನೂ ಕೇಳದ ಹೊಸನಗರದ ಬಸ್ ನಿಲ್ದಾಣಕ್ಕೆ ಬಂತು.

ಯೋಜನೆ ಸರಳವಾಗಿತ್ತು. ಗೃಹರಕ್ಷಕ ಭೂತಪ್ಪ ಆ ದಿನದ ಮಟ್ಟಿಗೆ ಭಯೋತ್ಪಾದಕ. ಅವನು ಸಾಗರದಲ್ಲಿ ಬಸ್ ಹತ್ತಿ, ಹಿಂದಿನ ಸೀಟಿನ ಕೆಳಗೆ ಒಂದು ಟಿಫಿನ್ ಕ್ಯಾರಿಯರ್ ಇಟ್ಟು, ಬಸ್ ಹೊರಡುವ ಮೊದಲು ಇಳಿದು ತಲೆಮರೆಸಿಕೊಳ್ಳಬೇಕು. ಕ್ಯಾರಿಯರಿನೊಳಗೆ ನಿಂತುಹೋದ ಒಂದು ಅಲಾರಾಂ ಗಡಿಯಾರ, ಎರಡು ಗೇಣು ವೈರು. ಜಾಗೃತ ಪ್ರಯಾಣಿಕರು ಅದನ್ನು ಕಂಡು ಕೋಶಕ್ಕೆ ಫೋನ್ ಮಾಡಬೇಕು. ಹೊಸನಗರದಲ್ಲಿ ತಂಡ ಬಸ್ಸನ್ನು ಸುತ್ತುವರಿಯಬೇಕು. ಸಂಜೆ ಸಮಾರೋಪ, ಶಿವಮೊಗ್ಗದಿಂದ ಮುಖ್ಯ ಅತಿಥಿ, ಅಂಜನಪ್ಪನವರಿಗೆ ಫಲಕ.

ಕೋಶದ ಕರಪತ್ರವನ್ನೂ ಫಲಕದ ಒಕ್ಕಣೆಯನ್ನೂ ವಾರದ ಹಿಂದೆಯೇ ಟೈಪ್ ಮಾಡಿಕೊಟ್ಟವಳು ಕುಮುದಾ. ನಿಲ್ದಾಣದ ಎದುರಿಗೆ ಅವಳ ಜೆರಾಕ್ಸ್ ಅಂಗಡಿ. ‘ಭಯೋತ್ಪಾದನೆ ನಿಗ್ರಹ ಕಾರ್ಯಾಚರಣೆಯ ಅಭೂತಪೂರ್ವ ಯಶಸ್ಸಿಗಾಗಿ’ ಎಂಬ ಸಾಲು ಬಂದಾಗ ಅವಳು ತಲೆ ಎತ್ತಿದ್ದಳು.

“ಸಾರ್, ಕಾರ್ಯಾಚರಣೆ ಇನ್ನೂ ಆಗಿಲ್ಲ ಅಲ್ವಾ?”

“ಸನ್ನದ್ಧತೆ ಅಂದ್ರೆ ಅದೇ ಕಣಮ್ಮ,” ಎಂದಿದ್ದರು ಅಂಜನಪ್ಪ.

ಆ ಬೆಳಿಗ್ಗೆ ಕುಮುದಾಳ ಗಮನ ಕಾರ್ಯಾಚರಣೆಯ ಮೇಲಿರಲಿಲ್ಲ. ಅವಳ ಮಗಳು ಲಿಖಿತಾಗೆ ಒಂಬತ್ತು ವರ್ಷ. ಮೂರನೇ ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮತ್ತು ಸಂಜೆ ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಲೇಬೇಕು. ಅದನ್ನು ಚುಚ್ಚುವ ಅವಳ ಪೆನ್ನಿಗೆ ಹೊಂದುವ ಇನ್ಸುಲಿನ್ ಕಾರ್ಟ್ರಿಜ್ ಹೊಸನಗರದಲ್ಲಿ ಸಿಗುವುದಿಲ್ಲ. ಸಾಗರದ ಮೆಡಿಕಲ್ ಅಂಗಡಿಯ ಜಿನೇಶ್ ಪ್ರತಿ ತಿಂಗಳು ಫ್ಲಾಸ್ಕಿನಲ್ಲಿ ಐಸ್ ಹಾಕಿ ಬಸ್ಸಿಗೆ ಕೊಡುತ್ತಾರೆ. ಈ ಸಲ ಅವರಿಗೇ ಮಾಲು ತಡವಾಗಿತ್ತು. ಇದ್ದ ಕೊನೆಯ ಕಾರ್ಟ್ರಿಜ್ ಆ ಬೆಳಿಗ್ಗೆ ಖಾಲಿಯಾಗಿತ್ತು.

“ಹತ್ತಿಸಿದೀನಿ ಕುಮುದಾ ಅವ್ರೇ, ಎಂಜಿನ್ ಮೇಲೆ ಬೇಡ, ಬಿಸಿ ಅಂತ ಹೇಳಿ ಡ್ರೈವರ್ ತಲೆ ಮೇಲಿನ ಕಂಬಿಗೆ ನೇತು ಹಾಕ್ಸಿದೀನಿ,” ಎಂದು ಜಿನೇಶ್ ಫೋನ್ ಮಾಡಿದ್ದರು. “ಮುಚ್ಚಳ ಸಡಿಲ ಇತ್ತು. ಕಪ್ಪು ಟೇಪ್ ಸುತ್ತಿದೀನಿ.”

ಬಸ್ಸಿನಲ್ಲಿ ಯಾರೂ ಕೋಶಕ್ಕೆ ಫೋನ್ ಮಾಡಲಿಲ್ಲ. ಕ್ಯಾರಿಯರ್ ಮಾತ್ರ ಎಲ್ಲರ ಕಣ್ಣಿಗೂ ಬಿದ್ದಿತ್ತು. ಬಟ್ಟೆಮಲ್ಲಪ್ಪ ದಾಟುವಷ್ಟರಲ್ಲಿ ಅದರ ಬಗ್ಗೆ ಒಮ್ಮತವೂ ಆಗಿತ್ತು.

“ಭೂತಪ್ಪ ಇಟ್ಟು ಇಳ್ದಿದ್ದು ನಾ ಕಂಡೆ,” ಎಂದಳು ಒಬ್ಬ ಅಜ್ಜಿ. “ಪಾಪ, ಊಟ ಮರ್ತು ಹೋಗಿದಾನೆ.”

“ಕೊಡಾಣ ಬಿಡಿ, ಹೆಂಡ್ತಿ ಹೂವಿನ ಅಂಗಡಿ ದಾರೀಲೇ ಇದ್ಯಲ್ಲ,” ಎಂದ ಹೂವಯ್ಯ.

ಹಾಗೆ, ನಿಲ್ದಾಣಕ್ಕೆ ತಿರುಗುವ ಮೂಲೆಯಲ್ಲಿ ಬಸ್ ನಿಧಾನವಾದಾಗ, ಕೋಶದ ಬಾಂಬು ಕಿಟಕಿಯಿಂದ ಇಳಿಯಿತು.

“ಪುಷ್ಪಕ್ಕಾ, ನಿಮ್ಮನೆಯವ್ರು ಕ್ಯಾರಿಯರ್ ಬಿಟ್ಟೋಗಿದಾರೆ, ಹಿಡ್ಕಳಿ!”

ಪುಷ್ಪಮ್ಮ ಮುಚ್ಚಳ ತೆಗೆದು ನೋಡಿದಳು. “ಬೆಳಿಗ್ಗೆ ಚಿತ್ರಾನ್ನ ಕಟ್ಕೊಟ್ರೆ ಗಡಿಯಾರ ವಾಪಸ್ ಕಳ್ಸಿದಾರೆ. ಎಂತ ಗಂಡಸೋ!” ವೈರನ್ನು ಹೂಮಾಲೆ ನೇತುಹಾಕಲು ತೆಗೆದಿಟ್ಟಳು. ರೇಡಿಯೋದ ಒಂದು ಸೆಲ್ ಬಿಚ್ಚಿ ಗಡಿಯಾರಕ್ಕೆ ಹಾಕಿದಳು. ಅದು ಓಡತೊಡಗಿತು.

ಇತ್ತ ನಿಲ್ದಾಣದಲ್ಲಿ ಸೀಟಿ ಊದಿದರು. ಹಳದಿ ಹಗ್ಗ ಎಳೆದರು. ಪ್ರಯಾಣಿಕರನ್ನು ಇಳಿಸಿ ದೂರ ನಿಲ್ಲಿಸಿದರು. ಅಂಜನಪ್ಪ ಮೈಕು ಹಿಡಿದರು, ವಿಡಿಯೋದವನು ಕ್ಯಾಮೆರಾ ಹಿಡಿದ. ತಂಡ ಬಸ್ಸಿನೊಳಗೆ ನುಗ್ಗಿ ಹಿಂದಿನ ಸೀಟಿನ ಕೆಳಗೆ ಬಗ್ಗಿ ನೋಡಿತು. ಅಲ್ಲಿ ಕಡಲೆಕಾಯಿ ಸಿಪ್ಪೆ ಇತ್ತು.

“ಸಾರ್, ಬಾಂಬ್ ಇಲ್ಲ,” ಎಂದು ಒಬ್ಬ ಬಾಗಿಲಿಂದ ಕೂಗಿದ. ಜನ ನಕ್ಕರು.

ಅಂಜನಪ್ಪ ಮೈಕಿನ ಮೇಲೆ ಕೈ ಮುಚ್ಚಿದರು. “ಹುಡುಕ್ರಿ. ವಾರಸುದಾರರಿಲ್ಲದ್ದು ಯಾವುದಾದ್ರೂ ಇರ್ಬೇಕು.”

“ಎಲ್ಲಾನೂ ಹಂಗೇ ಇದಾವೆ ಸಾರ್.”

ತಂಡಕ್ಕೆ ಆಯ್ಕೆಯ ಸಮಸ್ಯೆ ಎದುರಾಯಿತು. ಮೊಸರಿನ ಕ್ಯಾನು ಬಾಂಬಿನಂತೆ ಕಾಣಲಿಲ್ಲ. ಹಲ್ಲಿನ ಸೆಟ್ಟು ವಿಡಿಯೋದಲ್ಲಿ ಚೆನ್ನಾಗಿ ಬರುವಂತಿರಲಿಲ್ಲ. ಕೊನೆಗೆ ಕಂಬಿಯಲ್ಲಿ ನೇತಾಡುತ್ತಿದ್ದ, ಕಪ್ಪು ಟೇಪು ಸುತ್ತಿದ ಫ್ಲಾಸ್ಕ್ ಎಲ್ಲರಿಗೂ ಒಪ್ಪಿಗೆಯಾಯಿತು. ಅದನ್ನು ಕೋಲಿಗೆ ಸಿಕ್ಕಿಸಿ ತಂದು ನಿಲ್ದಾಣದ ನಡುವೆ ಇಟ್ಟರು.

ಕುಮುದಾ ಅಂಗಡಿಯಿಂದ ಓಡಿ ಬಂದು ಹಗ್ಗದ ಬಳಿ ನಿಂತಳು.

“ಸಾರ್, ಅದು ನಂದು! ಮಗಳ ಇನ್ಸುಲಿನ್ ಅದು, ಒಡೀಬೇಡಿ.”

“ಹಗ್ಗ ದಾಟ್ಬೇಡಿ.”

“ಹೂವಯ್ಯಣ್ಣ, ನೀವಾದ್ರೂ ಹೇಳಿ ಮಾರಾಯ್ರೆ!”

“ಹೌದು ಸಾರ್, ಜೆರಾಕ್ಸ್ ಅಂಗ್ಡಿಯವ್ರದು, ತಿಂಗ್ಳು ತಿಂಗ್ಳೂ ಬರತ್ತೆ,” ಎಂದ ಹೂವಯ್ಯ.

“ನೀವೇ ಟೈಪ್ ಮಾಡಿದ ಕರಪತ್ರ ಓದಿಲ್ವೇನಮ್ಮ?” ಅಂಜನಪ್ಪನವರ ದನಿ ಮೈಕಿನಲ್ಲಿ ಊರಿಗೆಲ್ಲ ಕೇಳಿತು. “ನಂದು ಅಂತ ಬಂದವರನ್ನೂ ನಂಬಬಾರದು. ಅಂಥವರೆಲ್ಲ ಹಾಗೇ ಹೇಳೋದು.”

ಅದು ಕರಪತ್ರದ ನಾಲ್ಕನೇ ಅಂಶ. ಕಾಗುಣಿತ ತಿದ್ದಿದವಳೂ ಅವಳೇ.

ಇಬ್ಬರು ಮರಳಿನ ಮೂಟೆಯನ್ನು ತೂಗಿ ಫ್ಲಾಸ್ಕಿನ ಮೇಲೆ ಹಾಕಿದರು. ಒಳಗಿನ ಗಾಜು ಪುಡಿಯಾದ ಸದ್ದು ಸ್ಪಷ್ಟವಾಗಿ ಕೇಳಿತು. ವಿಡಿಯೋದವನು ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ಹಾಕಿಸಿದ. ಆಮೇಲೆ ಚಪ್ಪಾಳೆಯಾಯಿತು.

ಮೂಟೆಯಡಿಯಿಂದ ಹರಿದ ಐಸ್ ನೀರಿನಲ್ಲಿ ಕುಮುದಾ ಗಾಜಿನ ಚೂರು ಆರಿಸಿದಳು. ಐದು ಕಾರ್ಟ್ರಿಜ್‌ಗಳಲ್ಲಿ ಒಂದೂ ಇಡಿಯಾಗಿರಲಿಲ್ಲ. ಚೂರುಗಳನ್ನು ಅಂಗೈಯಲ್ಲಿ ಹಿಡಿದು ಅಂಜನಪ್ಪನವರಿಗೆ ತೋರಿಸಿದಳು.

ಅವರು ನೋಡಿದರು. ಮೈಕು ಆಫ್ ಮಾಡಿದರು. “ಕಾರ್ಯಾಚರಣೆ ಅಂದ್ಮೇಲೆ ಅಷ್ಟಿಷ್ಟು ನಷ್ಟ ಆಗುತ್ತಮ್ಮ. ಒಂದು ಅರ್ಜಿ ಕೊಡಿ.” ಮತ್ತೆ ಮೈಕು ಆನ್ ಮಾಡಿ, ಆ ಗಳಿಗೆಯಿಂದ ಯಾವ ಬಸ್ಸಿನಲ್ಲೂ ವಾರಸುದಾರರು ಜೊತೆಗಿಲ್ಲದ ಒಂದು ಸೂಜಿಯನ್ನೂ ಸಾಗಿಸಕೂಡದು, ಸಾಗಿಸಿದರೆ ಬಸ್ಸು ಜಪ್ತಿ ಎಂದು ಘೋಷಿಸಿದರು.

ಕುಮುದಾ ಜಿನೇಶ್‌ಗೆ ಫೋನ್ ಮಾಡಿದಳು. ಅವರ ಬಳಿ ಇನ್ನೊಂದು ಪೆಟ್ಟಿಗೆ ಇತ್ತು. ಸಂಜೆಯೊಳಗೆ ಹೊಸನಗರ ಮುಟ್ಟುವ ಬಸ್ಸು ಒಂದೇ ಇತ್ತು. ಹಗ್ಗ ಬಿಚ್ಚಿ ನಿಲ್ದಾಣ ತೆರೆಯುವಷ್ಟರಲ್ಲಿ ಮಧ್ಯಾಹ್ನ ದಾಟಿದ್ದರಿಂದ ಅವಳು ಸಾಗರಕ್ಕೆ ಹೋಗಿ ಹತ್ತುವಷ್ಟು ಹೊತ್ತಿರಲಿಲ್ಲ. ಆ ಬಸ್ಸಿನ ಕಂಡಕ್ಟರ್ ಕುಮಾರನಿಗೆ ಆಗಲೇ ಸುದ್ದಿ ಹೋಗಿತ್ತು.

“ಬೈಬೇಡಿ ಅಕ್ಕಾ, ಬಸ್ ಹಿಡಿದ್ರೆ ಧಣಿ ನನ್ನ ಮನೆಗೆ ಕಳಿಸ್ತಾರೆ. ಜೊತೆಗೆ ಜನ ಬೇಕು. ಜಿನೇಶಣ್ಣ ಅಂಗ್ಡಿ ಬಿಟ್ಟು ಬರಕ್ಕಾಗಲ್ಲ ಅಂತಾರೆ,” ಎಂದ ಕುಮಾರ ಫೋನಿನಲ್ಲಿ.

ಕುಮುದಾ ಹೂವಿನ ಅಂಗಡಿಯ ಮುಂದೆ ಬಂದು ಕುಳಿತಳು. ಪುಷ್ಪಮ್ಮ ಎಲ್ಲ ಕೇಳಿಸಿಕೊಂಡು, “ಜನ ತಾನೆ ಬೇಕು? ನಮ್ಮವ್ರು ಸಾಗರ್‌ದಲ್ಲೇ ಬಿದ್ದಿದಾರಲ್ಲ,” ಎಂದು ಗಂಡನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

“ಮೆಲ್ಲ ಮಾತಾಡೇ,” ಎಂದ ಭೂತಪ್ಪ. “ನಾ ತಲೆಮರೆಸ್ಕೊಂಡಿದೀನಿ.”

“ಎಲ್ಲಿ?”

“ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ. ಬನ್ಸ್ ಬಿಸಿ ಇತ್ತು.”

“ಹಂಗಾದ್ರೆ ಎದ್ದು ಬಸ್ ಹತ್ತಿ. ಕುಮುದಕ್ಕನ ಮಗೀನ ಔಷಧಿ ತರ್ಬೇಕು.”

“ಆಗಲ್ಲ ಕಣೇ. ಅವ್ರು ಕರೆಯೋವರೆಗೆ ಯಾರಿಗೂ ಸಿಗಬಾರ್ದು ಅಂತ ಸಾಹೇಬ್ರ ಆರ್ಡರ್. ನನ್ನ ಯಾರೂ ಹುಡ್ಕಿಲ್ಲ, ಅದು ಬೇರೆ ಮಾತು. ಹತ್ತಿದ್ರೆ ನನ್ನ ಡ್ಯೂಟಿಯಿಂದ ತೆಗೀತಾರೆ.”

ಕುಮುದಾ ಎದ್ದಳು. ಅಂಜನಪ್ಪ ಮತ್ತೆ ಅರ್ಜಿ ಕೊಡಿ ಎಂದರೆ ಏನು ಮಾಡುವುದು ಎಂದು ಯೋಚಿಸುತ್ತಲೇ ರಸ್ತೆ ದಾಟುತ್ತಿದ್ದಾಗ ಅವಳಿಗೆ ತಾನೇ ಟೈಪ್ ಮಾಡಿದ ಫಲಕ ನೆನಪಾಯಿತು. ಅದನ್ನು ಕೆತ್ತುತ್ತಿದ್ದದ್ದು ಸಾಗರದ ಅಂಗಡಿ. ಅದೂ ಇದೇ ಬಸ್ಸಿಗೆ ಬರಬೇಕು.

ಅಂಜನಪ್ಪ ಶಾಮಿಯಾನದ ಕೆಳಗೆ ಕುರ್ಚಿ ಜೋಡಿಸುತ್ತಿದ್ದರು.

“ಸಾರ್, ನಿಮ್ಮ ಫಲಕದ ಜೊತೆ ಯಾರು ಬರ್ತಿದಾರೆ?”

“ಯಾರು ಬರಬೇಕು? ಬಸ್ಸಿಗೆ ಹಾಕಿದ್ರೆ...” ಎಂದವರು ಅಲ್ಲಿಗೇ ನಿಂತರು.

“ಕುಮಾರ ಹತ್ತಿಸಿಕೊಳ್ಳಲ್ಲ ಅಂತಿದಾನೆ. ನಿಮ್ಮ ಆರ್ಡರ್ ಅಂತೆ. ಬಸ್ ಹೊರಡೋ ಹೊತ್ತಾಯ್ತು.” ಅವಳು ಒಂದು ಉಸಿರು ತಡೆದು ಹೇಳಿದಳು. “ನಿಮ್ಮ ಭಯೋತ್ಪಾದಕ ಅಲ್ಲೇ ಬನ್ಸ್ ತಿಂತಾ ಕೂತಿದಾನಂತಲ್ಲ ಸಾರ್.”

ಅಂಜನಪ್ಪ ಕುರ್ಚಿಯ ಮೇಲಿದ್ದ ಕರಪತ್ರವನ್ನೂ ಅವಳನ್ನೂ ನೋಡಿದರು. ಮುಖ್ಯ ಅತಿಥಿಗಳ ಕಾರು ಶಿವಮೊಗ್ಗ ಬಿಟ್ಟಾಗಿತ್ತು. ಅವರು ಫೋನ್ ತೆಗೆದು, ತಲೆಮರೆಸಿಕೊಂಡವನಿಗೆ ಪ್ರತ್ಯಕ್ಷವಾಗಲು ಆದೇಶಿಸಿದರು.

ಸರ್ಕಾರವೇ ಒಬ್ಬ ವಾರಸುದಾರನನ್ನು ಬಸ್ಸಿಗೆ ಹತ್ತಿಸಿದೆ ಎಂಬ ಸುದ್ದಿ ಸಾಗರದ ಪೇಟೆಯಲ್ಲಿ ಹರಡಲು ತಡವಾಗಲಿಲ್ಲ. ಜಿನೇಶ್ ಬಂದು ಹೊಸ ಫ್ಲಾಸ್ಕನ್ನು ಭೂತಪ್ಪನ ಕೈಗೇ ಕೊಟ್ಟು, “ನೆಲಕ್ಕೆ ಇಡ್ಬೇಡಿ, ಅಲುಗಿಸಬೇಡಿ,” ಎಂದರು. ಅವರ ಹಿಂದೆ ಟೈಲರು, ಮಿಕ್ಸಿ ರಿಪೇರಿಯವನು, ಮೊಸರಿನವರು ಸಾಲಾಗಿ ಬಂದರು. ಕುಮಾರ ಎಲ್ಲವನ್ನೂ ಭೂತಪ್ಪನ ಮಡಿಲಿಗೆ, ಪಕ್ಕಕ್ಕೆ, ಕಾಲಬುಡಕ್ಕೆ ಪೇರಿಸಿದ. ಫಲಕದ ಪೆಟ್ಟಿಗೆ ಭಾರವಿತ್ತು. ಅದನ್ನು ಹಿಂದಿನ ಸೀಟಿನ ಕೆಳಗೆ ತಳ್ಳಿದ.

ಸಂಜೆ ಬಸ್ಸು ಹೊಸನಗರಕ್ಕೆ ಬಂದಾಗ ಭೂತಪ್ಪ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು, ಇಳಿದವನೇ ನೇರ ಜೆರಾಕ್ಸ್ ಅಂಗಡಿಗೆ ನಡೆದ. ಕುಮುದಾ ಮುಚ್ಚಳ ಬಿಚ್ಚಿ ಬೆರಳು ಇಳಿಸಿದಳು. ಐಸ್ ಇನ್ನೂ ಇತ್ತು. ಶಾಲೆಯಿಂದ ಬಂದು ಬೆಂಚಿನ ಮೇಲೆ ಮುದುಡಿ ಕುಳಿತಿದ್ದ ಲಿಖಿತಾ ತಾನೇ ಪೆನ್ನು ತೆಗೆದು ಕಾರ್ಟ್ರಿಜ್ ಹಾಕಿಕೊಂಡಳು.

ಅಂಜನಪ್ಪ ಹಿಂದೆಯೇ ಓಡಿ ಬಂದರು. “ಫಲಕ ಎಲ್ಲೋ?”

ಭೂತಪ್ಪ ತನ್ನ ಖಾಲಿ ಕೈ ನೋಡಿಕೊಂಡ. ಬಸ್ಸು ತೀರ್ಥಹಳ್ಳಿ ರಸ್ತೆ ಹಿಡಿದಾಗಿತ್ತು.

ಮುಖ್ಯ ಅತಿಥಿಗಳು ಭಾಷಣದಲ್ಲಿ ಇಡೀ ನಾಡಿನ ಭದ್ರತೆಯ ವಿಚಾರ ಮುಗಿಸಿ ತಾಲ್ಲೂಕಿಗೆ ಬರುವ ಹೊತ್ತಿಗೆ ಕುಮಾರನ ಫೋನ್ ಬಂತು. ಅಂಜನಪ್ಪ ಶಾಮಿಯಾನದ ಹಿಂದೆ, ಹೂವಿನ ಅಂಗಡಿಯ ಮಗ್ಗುಲಿಗೆ ಹೋಗಿ ಎತ್ತಿದರು. ಹೂವು ಕಟ್ಟುತ್ತಿದ್ದ ಪುಷ್ಪಮ್ಮನಿಗೆ ಎರಡೂ ಕಡೆಯ ಮಾತು ಕೇಳುತ್ತಿತ್ತು.

“ಸಾರ್, ತೀರ್ಥಹಳ್ಳಿ ಸ್ಟ್ಯಾಂಡು. ಹಿಂದಿನ ಸೀಟಿನ ಕೆಳಗೆ ಒಂದು ಪೆಟ್ಟಿಗೆ ಸಿಕ್ಕಿದೆ. ವಾರಸುದಾರ ಹೊಸನಗರದಲ್ಲೇ ಇಳ್ದೋಗಿದಾನೆ. ಇಲ್ಲಿಯವ್ರು ಹಗ್ಗ ಕಟ್ಟಿದಾರೆ, ಮರಳಿನ ಮೂಟೆ ತರ್ಸಿದಾರೆ.”

“ಮುಟ್ಟಬೇಡಿ! ಅದು ನಂದು!”

“ಹೇಳ್ದೆ ಸಾರ್. ಅಂಥವರೆಲ್ಲ ಹಾಗೇ ಹೇಳೋದು ಅಂತ ಕರಪತ್ರ ತೋರಿಸ್ತಾರೆ.”

ಆಗ ಬೆನ್ನ ಹಿಂದೆ ಅಲಾರಾಂ ಹೊಡೆಯಿತು. ಅಂಜನಪ್ಪ ಎರಡು ಹೆಜ್ಜೆ ಹಾರಿ ಶಾಮಿಯಾನದ ಕಂಬ ತಬ್ಬಿಕೊಂಡರು. ಬೇರೆ ಯಾರೂ ತಿರುಗಿ ನೋಡಲಿಲ್ಲ.

“ಹೆದ್ರಬೇಡಿ ಸಾರ್,” ಎಂದಳು ಪುಷ್ಪಮ್ಮ, ಗಡಿಯಾರದ ತಲೆ ಒತ್ತುತ್ತ. “ಲಿಖಿತಾನ ಸೂಜಿ ಹೊತ್ತು ಮರೀಬಾರ್ದು ಅಂತ ಕುಮುದಕ್ಕನೇ ಇಡ್ಸಿದ್ದು. ಇವತ್ತು ಚುಚ್ಚಿದ್ದು ಒಂಚೂರು ಮುಂಚೆನೇ ಆಯ್ತು.”